ಮೂರನೇ ಸಾಲಿಗೆ ಹಾರಿದ ಮಂಡಕ್ಕಿ

ಪುಷ್ಯಮಾಸದ ಚಳಿ ಇನ್ನೂ ಗೋಡೆ ಬಿಟ್ಟು ಇಳಿಯದಿದ್ದ ಒಂದು ಮಂಗಳವಾರ, ಬೆಳಗಿನ ಹತ್ತೂಕಾಲು ಗಂಟೆಯ ಹೊತ್ತಿಗೆ ಅದು ಶುರುವಾಯಿತು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯ ತಮ್ಮ ದವಾಖಾನೆಯಲ್ಲಿ ಮಕ್ಕಳ ಡಾಕ್ಟರು ನೌಮಾನ್ ಒಂದು ಕೂಸಿನ ಎದೆಗೆ ಸ್ಟೆತಾಸ್ಕೋಪು ಹಿಡಿದು ಕಣ್ಣು ಮುಚ್ಚಿ ಕೇಳುತ್ತಿದ್ದರು. ಹರಿಹರದಿಂದ ದಿನಾ ಬಸ್ಸಿಗೆ ಬಂದು ಹೋಗುವ ಕಂಪೌಂಡರ್ ದುರುಗಣ್ಣ ಬಾಟ್ಲಿಗೆ ಚೀಟಿ ಅಂಟಿಸುತ್ತ, ಗೋಡೆಗೆ ಹೇಳಿದವನ ಹಾಗೆ, "ನಮ್ಮೂರ ಇಸ್ಕೂಲಾಗ ಈಗ ಮಂಡಕ್ಕಿಗೆ ಮಂಡಕ್ಕಿ ಅನ್ನಂಗಿಲ್ಲ ಸಾರ್, ಕ್ರಿಮಿ ಅಂತಾರೆ" ಎಂದ. ಡಾಕ್ಟರು ಕಣ್ಣು ತೆರೆಯದೆ ನಕ್ಕರು. ಪುಸ್ತಕ ಬರೆದವನಿಗೆ ತನ್ನ ಮಾತು ಊರ ಬಾಯಿಗೆ ಬಿತ್ತು ಎಂದು ಕೇಳಿದಾಗ ಬರುವ ನಗು ಅದು. ಅದು ತುಟಿಯ ಮೇಲೆ ಇರುವಾಗಲೇ ದುರುಗಣ್ಣ ಉಳಿದದ್ದನ್ನೂ ಹೇಳಿದ: "ಗೇಟಿನ ಹತ್ರ ಕೂಡ್ತಾರಲ್ರಿ ಮಕ್ತುಮ್ ಸಾಬ್ರು, ಅವರ ಬುಟ್ಟಿ ಹತ್ರ ಒಂದು ಹುಡುಗನೂ ಸುಳಿಯಲ್ಲ. ಮೊಮ್ಮಗಳು ಮುಬಶ್ಶಿರಾಗೂ ಅದೇ ಹೆಸರು ಬಿದ್ದೈತೆ, ಕ್ರಿಮಿ ಅಂತ. ಹನ್ನೆರಡು ದಿನ ಆತು. ಗೇಟಿನ ತನಕ ಬರ್ತಾಳೆ, ಅಜ್ಜನ ಬೆನ್ನಿಗೆ ಕೂಡ್ತಾಳೆ, ಒಳಗ ಮಾತ್ರ ಹೋಗಲ್ಲ." ಡಾಕ್ಟರಿಗೆ ಆ ಕೂಸಿನ ಎದೆಬಡಿತ ಕೇಳುವುದು ನಿಂತು, ಕ್ರಿಮಿ ಕ್ರಿಮಿ ಕ್ರಿಮಿ ಎಂದು ಕೇಳತೊಡಗಿತು. ತಾಯಿ ಗಾಬರಿಯಾಗಿ, "ಎದಿಯಾಗ ಏನಾರ ಐತೇನ್ರಿ?" ಎಂದಳು. "ಏನೂ ಇಲ್ಲ ತಾಯಿ, ಚಲೋ ಐತೆ" ಎಂದರು. ಎದೆಯಲ್ಲಿ ಇದ್ದದ್ದು ಅವರದರಲ್ಲಿ.

ಹದಿನೈದು ದಿನದ ಹಿಂದಿನ ಮಾತು. ಡಾಕ್ಟರಿಗೆ ಬುಧವಾರ ಬುಧವಾರ ಶಾಲೆಗಳಿಗೆ ಹೋಗುವ ಹುಚ್ಚು. ಹದಿನಾರು ಪುಟದ ಪುಟ್ಟ ಪುಸ್ತಕಗಳನ್ನು ತಾವೇ ಬರೆದು, ತಾವೇ ಅಚ್ಚು ಹಾಕಿಸಿ, ಮಕ್ಕಳ ಕೈಗೆ ಕೊಡುತ್ತಾರೆ. ಹಲ್ಲಿನದೊಂದು, ನೀರಿನದೊಂದು, ಕೈ ತೊಳೆಯುವುದಕ್ಕೆ 'ಅಂಗೈ ಮೇಲಿನ ಊರು' ಎಂಬುದೊಂದು. ಪುಸ್ತಕ ಕೊಡುವ ಮೊದಲು ನಾಟಕ ಆಗಬೇಕು. ಗಾದಿಯ ಹಳೇ ಗೌಸನ್ನು ಹೊದ್ದು ಹಲ್ಲಾಗುತ್ತಾರೆ, ಸೀಮೆಎಣ್ಣೆ ಲಾಳಿಕೆಯನ್ನು ಮೂಗಿಗೆ ಕಟ್ಟಿಕೊಂಡು ಸೊಳ್ಳೆಯಾಗುತ್ತಾರೆ. ಊರಿನ ಬೇರೆ ಡಾಕ್ಟರುಗಳು ಎದುರಿಗೆ ಸಿಕ್ಕಾಗ ಇವರನ್ನು 'ನಮ್ಮ ನಾಟಕದ ಡಾಕ್ಟ್ರು' ಎನ್ನುತ್ತಾರೆ, ಬೆನ್ನ ಹಿಂದೆಯೂ ಅದನ್ನೇ ಅನ್ನುತ್ತಾರೆ, ದನಿ ಮಾತ್ರ ಬೇರೆ. ಎರಡೂ ದನಿ ಇವರಿಗೆ ಗೊತ್ತು. ಆದರೆ ಸೀನು ಇವರ ಸ್ವಂತದ್ದು. ಕೆಂಪು ಕರವಸ್ತ್ರದೊಳಗೆ ಒಂದು ಮುಷ್ಟಿ ಮಂಡಕ್ಕಿ ಅಡಗಿಸಿ, ಮೂಗನ್ನು ಆಕಾಶಕ್ಕೆ ಎತ್ತಿ, ಮಕ್ಕಳ ಉಸಿರೆಲ್ಲ ತಡೆದು ನಿಲ್ಲುವಷ್ಟು ಹೊತ್ತು ಸತಾಯಿಸಿ, ಆಮೇಲೆ ಆ... ಆ... ಆಕ್ಷೀ! ಮಂಡಕ್ಕಿ ಹಾರಿ ಮೂರನೇ ಸಾಲಿನ ತಲೆಗಳ ಮೇಲೆ ಬೀಳಬೇಕು. ನೋಡಿದಿರಾ, ಬಾಯಿಗೆ ಕೈ ಅಡ್ಡ ಹಿಡಿಯದೆ ಸೀನಿದರೆ ಕ್ರಿಮಿ ಎಲ್ಲಿಯವರೆಗೆ ಹೋಗುತ್ತದೆ!

ಆವತ್ತು ಹರಿಹರಕ್ಕೆ ಹೊರಟಾಗ ಮಂಡಕ್ಕಿಯ ಪೊಟ್ಟಣ ಮನೆಯ ಊಟದ ಮೇಜಿನ ಮೇಲೆ ಉಳಿದುಬಿಟ್ಟಿತ್ತು. ಶಾಲೆಯ ಗೇಟಿನ ಹತ್ತಿರವೇ ಬುಟ್ಟಿ ಇತ್ತು. ಪ್ರಾರ್ಥನೆಯ ಸಾಲಿನಲ್ಲಿದ್ದ ಮಕ್ಕಳೆಲ್ಲ ನೋಡುತ್ತಿರುವಾಗಲೇ ಡಾಕ್ಟರು ಮಕ್ತುಮ್ ಸಾಬರ ಮುಂದೆ ಬಗ್ಗಿ, ಒಂದು ಸೇರು ಕೇಳಿದರು. ಮುದುಕರು ಸೇರಿನ ಮೇಲೆ ಗೋಪುರ ಕಟ್ಟಿ ಅಳೆದು, "ದುಡ್ಡು ಬ್ಯಾಡ್ರಿ, ಮಕ್ಕಳ ಕೆಲಸಕ್ಕೆ ಅಂತೀರಿ" ಎಂದಿದ್ದರು. ಆಮೇಲೆ ಒಳಗೆ ಆದದ್ದು ಇಷ್ಟು: ಸೀನು ಎಂದೂ ಹಾರದಷ್ಟು ಹಾರಿತು. ಡಾಕ್ಟರು ಕೂಗಿದರು, "ಇವು ಏನು?" ಮಕ್ಕಳು ಕೂಗಿದರು, "ಕ್ರಿಮಿ!" "ತಿಂದರೆ?" "ಜ್ವರ!" ಮೂರು ಸಲ ಕೂಗಿಸಿದರು. ನಾಟಕದಲ್ಲಿ ಎರಡು ಸಲ ಸಾಲುವುದಿಲ್ಲ. ಕಿಟಕಿಯ ಸರಳು ಹಿಡಿದು ಮಕ್ತುಮ್ ಸಾಬರು ನೋಡುತ್ತ ನಿಂತಿದ್ದರು. ಅವರನ್ನು ಕಂಡು ಡಾಕ್ಟರು ವೇಷದಲ್ಲೇ ಒಂದು ಸಲಾಮು ಬೇರೆ ಹೊಡೆದಿದ್ದರು.

ಈ ಮಂಗಳವಾರ ಮಧ್ಯಾಹ್ನ ಊಟಕ್ಕೆ ಮನೆಗೆ ಬಂದವರು ಅನ್ನದ ಮುಂದೆ ಕೈ ಆಡಿಸುತ್ತ ಕೂತರು. ಮಂಡಕ್ಕಿಯ ಬದಲು ಬೇರೆ ಏನಾದರೂ ಆಗಬಹುದಿತ್ತಲ್ಲ. ಕಾಗದದ ಚೂರು ಆಗಬಹುದಿತ್ತು. ಹೆಂಡತಿ ತಸ್ಲೀಮ್ ಆವಾಗಲೇ ಹೇಳಿದ್ದಳು, ಮಕ್ಕಳ ಹಳೇ ನೋಟುಪುಸ್ತಕ ಹರಿದು ಕೊಡುತ್ತೇನೆ ಎಂದು. ಮಹಡಿಯ ಮೇಲಿನ ಹಾಲಿನಲ್ಲಿ ಎರಡನ್ನೂ ಸೀನಿ ನೋಡಿದ್ದರು, ತಸ್ಲೀಮ್ ನೆಲದ ಟೈಲ್ಸು ಎಣಿಸಿದ್ದಳು. ಕಾಗದ ಐದು ಟೈಲ್ಸು, ಮಂಡಕ್ಕಿ ಏಳು. ಕಾಗದ ಹಾರಲಿಲ್ಲ ಎಂದು ಇಷ್ಟು ದಿನ ತಮಗೆ ತಾವೇ ಹೇಳಿಕೊಂಡು ಬಂದಿದ್ದರು. ಹಾರಿತ್ತು. ಎರಡು ಟೈಲ್ಸಿನ ಸಲುವಾಗಿ ಒಂದು ಮಗು ಗೇಟಿನ ಹೊರಗೆ ಕೂತಿದೆ. ಅದೂ ಅಲ್ಲದೆ, ಎರಡು ಟೈಲ್ಸಿನ ಸಲುವಾಗಿಯೇ ಎಂದು ಏನು ಗ್ಯಾರಂಟಿ? ಅವರನ್ನು ಹೆತ್ತ ಅಮ್ಮಿ, ಮಾಸೂಮಾ, ಹಳೇ ಊರಿನ ಮಂಡಕ್ಕಿ ಭಟ್ಟಿಯಲ್ಲಿ ಕಾದ ಮರಳಿನ ಬಾಣಲಿಯ ಮುಂದೆ ನಿಂತು ಜರಡಿ ಆಡಿಸುತ್ತಿದ್ದಳು, ಮರಳು ಕೆಳಗೆ, ಮಂಡಕ್ಕಿ ಮೇಲೆ, ಮಲ್ಲಿಗೆ ಅರಳಿದ ಹಾಗೆ. ಭಟ್ಟಿಯ ಹೊಗೆ ಅವಳ ಸೆರಗಿಗೆ ಹತ್ತಿ, ಸೆರಗಿನಿಂದ ಇವರ ಅಂಗಿಗೆ ಹತ್ತಿ, ಅಂಗಿಯ ಜೊತೆ ಶಾಲೆಗೆ ಬರುತ್ತಿತ್ತು. ಬೆಂಚಿನ ಮೇಲೆ ಪಕ್ಕದವನು ಅರ್ಧ ಗೇಣು ಸರಿಯುತ್ತಿದ್ದ. ಯಾರೂ ಏನೂ ಅನ್ನುತ್ತಿರಲಿಲ್ಲ, ಬರೇ ಅರ್ಧ ಗೇಣು. ಆ ಅರ್ಧ ಗೇಣನ್ನು ತೊಳೆದುಕೊಳ್ಳಲು ಇವರು ಡಾಕ್ಟರಿಕೆ ಓದಿದರೋ ಏನೋ. "ಅಜೀ, ಊಟಕ್ಕೆ ಮೊದಲು ಮೂರು ಸಲ ಕೈ ತೊಳೆದ್ರಿ, ನೋಡ್ತಾ ಇದ್ದೆ" ಎಂದಳು ತಸ್ಲೀಮ್. "ತೊಳೆದೂ ತೊಳೆದೂ ಅಂಗೈಯಾಗಿನ ಗೆರೆನೇ ಹೋಗ್ಯಾವೆ. ಕೈ ನೋಡಿ ಭವಿಷ್ಯ ಹೇಳೋನು ಬಂದ್ರೆ ಪಾಪ ಬರಿಗೈಲಿ ಹೋಗಬೇಕು." ಅವರು ನಗಲಿಲ್ಲ. ನಗದಿದ್ದದ್ದನ್ನು ಕಂಡು ಅವಳು ಮತ್ತೊಂದು ಸೌಟು ಸಾರು ಹಾಕಿದಳು.

ಮರುದಿನ ಬುಧವಾರ ಹರಿಹರಕ್ಕೆ ಹೋದರು. ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದರು. ಗೇಟಿನ ಹತ್ತಿರ ಮಕ್ತುಮ್ ಸಾಬರು ತುಂಬಿದ ಬುಟ್ಟಿಯ ಹಿಂದೆ ಕೂತಿದ್ದರು. ಅವರ ಬೆನ್ನ ಹಿಂದಿನಿಂದ ಎರಡು ಜಡೆಯ ತುದಿ, ಕೆಂಪು ಟೇಪು ಕಾಣಿಸುತ್ತಿತ್ತು, ಮುಖ ಕಾಣಿಸಲಿಲ್ಲ. ಡಾಕ್ಟರು ಒಂದು ಸೇರು ಮಂಡಕ್ಕಿ ಕೊಂಡು ಒಳಗೆ ಹೋದರು. ಹೆಡ್ ಮೇಡಂ ಶೋಭಾರಾಣಿ ಓಡೋಡಿ ಬಂದು, "ಸಾರ್, ನಿಮ್ಮ ನಾಟಕ ಆದಾಗಿಂದ ಮಕ್ಕಳು ನಲ್ಲಿ ಮುಂದೆ ಸಾಲಾಗಿ ನಿಂತು ಕೈ ತೊಳಿತಾರೆ, ಹೇಳಾಂಗಿಲ್ಲ ಕೇಳಾಂಗಿಲ್ಲ. ಬರ್ರಿ, ನೋಡ್ರಿ" ಎಂದು ನಲ್ಲಿಯನ್ನೇ ಸನ್ಮಾನಕ್ಕೆ ನಿಲ್ಲಿಸಿದ ಹಾಗೆ ತೋರಿಸಿದರು. ಮಕ್ಕಳನ್ನು ಕೂಡಿಸಿ ಡಾಕ್ಟರು ಹೇಳಿದರು: ಮಂಡಕ್ಕಿ ಕ್ರಿಮಿ ಅಲ್ಲ, ಅದು ಬರೇ ನಾಟಕ, ನಿಜವಾದ ಕ್ರಿಮಿ ಕಣ್ಣಿಗೆ ಕಾಣುವುದಿಲ್ಲ. ಎರಡನೇ ಸಾಲಿನಿಂದ ಹನುಮೇಶ್ ಎಂಬ ಹುಡುಗ ಎದ್ದು ನಿಂತ. ಅವನ ಅಂಗಿಯ ಗುಂಡಿಗಳೆಲ್ಲ ಒಂದೊಂದು ಮನೆ ಮೇಲಕ್ಕೆ ಹೋಗಿದ್ದವು, ಮುಖ ಮಾತ್ರ ವಕೀಲರದು.

"ಹಂಗಾದ್ರೆ ಅವತ್ತು ಸುಳ್ಳು ಹೇಳಿದ್ರಾ ಸಾರ್?"

"ಸುಳ್ಳಲ್ಲಪ್ಪ, ನಾಟಕ."

"ನಾಟಕ ಅಂದ್ರೆ ನಿಜಾನಾ?"

"ನಿಜ ಅಲ್ಲ, ಆದರೆ..."

"ಹಂಗಾದ್ರೆ ಕೈ ತೊಳಿಯೋದೂ ನಾಟಕ ಏನ್ರಿ?"

ಮಕ್ಕಳ ಗುಂಪಿನಲ್ಲಿ ಒಂದು ಆಸೆಯ ಗಾಳಿ ಬೀಸಿತು, ಚಳಿಗಾಲದ ನಲ್ಲಿನೀರು ಎಂದರೆ ಯಾರಿಗೆ ತಾನೇ ಪ್ರೀತಿ. ಶೋಭಾರಾಣಿ ಮೇಡಂ ಡಾಕ್ಟರ ತೋಳು ಹಿಡಿದು, "ಸಾರ್, ಅದನ್ನ ಕೆಡಿಸಬ್ಯಾಡ್ರಿ, ಕೈ ಮುಗಿತೀನಿ" ಎಂದು ಪಿಸುಗುಟ್ಟಿದರು. ಜೋಡಿಸಿಕೊಂಡು ಬಂದ ಮಾತು ಬಿಟ್ಟು ಡಾಕ್ಟರು ಬಾಯಿಗೆ ಒಂದು ಮುಷ್ಟಿ ಮಂಡಕ್ಕಿ ಹಾಕಿಕೊಂಡರು. ಇನ್ನೊಂದು ಮುಷ್ಟಿ. ಅಗಿಯುವ ಸದ್ದು ಅವರಿಗೇ ದೊಡ್ಡದಾಗಿ ಕೇಳಿತು. ಇನ್ನೂರು ಕಣ್ಣು ಅವರ ಗಂಟಲನ್ನೇ ನೋಡುತ್ತಿದ್ದವು. ಇಷ್ಟು ವರ್ಷದಲ್ಲಿ ಇಷ್ಟು ಗಾಢವಾದ ಮೌನ ಯಾವ ನಾಟಕಕ್ಕೂ ಸಿಕ್ಕಿರಲಿಲ್ಲ, ಆ ಹೊತ್ತಿನಲ್ಲೂ ಅದು ಅವರ ಗಮನಕ್ಕೆ ಬಂತು, ಬಂದದ್ದಕ್ಕೆ ನಾಚಿಕೆಯೂ ಆಯಿತು. ಹನುಮೇಶ್ ಬಹಳ ಹೊತ್ತು ನೋಡಿ, ಕರುಣೆಯಿಂದ ಎಂಬ ಹಾಗೆ, "ಇವತ್ತೇ ಗೊತ್ತಾಗಲ್ಲ ಸಾರ್. ನಾಳೆ ಬರ್ರಿ, ನೋಡಾಣ" ಎಂದ.

ಗುರುವಾರ ಬೆಳಿಗ್ಗೆ ಎದ್ದಾಗ ಡಾಕ್ಟರಿಗೆ ನೆಗಡಿ. ಅದರಲ್ಲಿ ಸೋಜಿಗ ಏನೂ ಇಲ್ಲ, ಮಂಗಳವಾರ ದವಾಖಾನೆಯಲ್ಲಿ ನಲವತ್ತು ಮೂಗು ಸೋರುವ ಮಕ್ಕಳನ್ನು ನೋಡಿದ್ದರು. ಆದರೆ ಈ ಮಾತನ್ನು ಹನುಮೇಶನಿಗೆ ಹೇಳುವುದು ಹೇಗೆ? "ಇವತ್ತೊಂದು ದಿನ ಹೋಗಬ್ಯಾಡ್ರಿ" ಎಂದಳು ತಸ್ಲೀಮ್. ಹೋಗದಿದ್ದರೆ ಸತ್ತೇ ಹೋದರು ಎಂದುಕೊಳ್ಳುತ್ತಾರೆ, ಮಂಡಕ್ಕಿ ಅಲ್ಲಿಗೆ ಮುಗಿಯಿತು. ಶೀತದ ಮಾತ್ರೆ ಎರಡು ನುಂಗಿ, ಮೂಗಿಗೆ ಹನಿ ಬಿಟ್ಟುಕೊಂಡು, ಮಫ್ಲರು ಸುತ್ತಿಕೊಂಡು ಹೋದರು. ಧ್ವಜದ ಕಂಬದ ಹತ್ತಿರ ಮಕ್ಕಳೆಲ್ಲ ಇವರ ಸುತ್ತ ನಿಂತು, ಹೊಟ್ಟೆ, ಕಣ್ಣು, ನಾಲಿಗೆ ಎಂದು ತಪಾಸಣೆ ಮಾಡಿದರು. ನಾಲಿಗೆ ತೋರಿಸಿ ಎಂದರು, ತೋರಿಸಿದರು. ಅಷ್ಟರಲ್ಲಿ ಮೂಗಿನ ಬುಡದಲ್ಲಿ ಇರುವೆ ಹರಿದ ಹಾಗಾಯಿತು. ಜಿಲ್ಲೆಯಲ್ಲೇ ಇಂಥ ಸೀನು ಇಲ್ಲ ಎಂದು ಹೆಸರು ಮಾಡಿದ ಮನುಷ್ಯ ಒಂದು ಸೀನನ್ನು ತಡೆಯಲು ಹಲ್ಲು ಕಚ್ಚಿದರು, ಉಸಿರು ಕಟ್ಟಿದರು, ಕಿವಿಯೆಲ್ಲ ಕೆಂಪಾಗಿ ಕಣ್ಣಲ್ಲಿ ನೀರು ಬಂತು. ತಡೆಯಲಿಲ್ಲ. ಬಂದದ್ದು ನಾಟಕದ ಸೀನಿನಂತೆ ಭರ್ಜರಿಯಾಗಿಯೂ ಇರಲಿಲ್ಲ, ಬೆಕ್ಕಿನ ಸೀನಿನ ಹಾಗೆ ಚಿಕ್ಕದು, ಒದ್ದೆಯದು, ಕೈ ಅಡ್ಡ ಹಿಡಿಯಲು ಸಮಯ ಕೊಡದ್ದು. ಕನ್ನಡಕದ ಗಾಜು ಮಸುಕಾಯಿತು. ಮೂಗಿನ ತುದಿಯಿಂದ ಇಳಿಯುತ್ತಿದ್ದುದನ್ನು ಒರೆಸಿಕೊಳ್ಳಲು ಜೇಬು ತಡಕಿದರೆ ಕರವಸ್ತ್ರ ಇರಲಿಲ್ಲ, ಆ ಕೆಂಪು ಕರವಸ್ತ್ರ ನಾಟಕದ ಪೆಟ್ಟಿಗೆಯಲ್ಲಿತ್ತು.

ಆಗಲೇ ಗೇಟಿನ ಕಡೆಯಿಂದ ಒಂದು ನಗು ಬಂತು. ತಡೆದು ತಡೆದು, ಬಾಯಲ್ಲಿ ಜಡೆ ಕಚ್ಚಿಕೊಂಡು ನಗುವವರ ನಗು. ಮುಬಶ್ಶಿರಾ ಅಜ್ಜನ ಬೆನ್ನಿಂದ ಎದ್ದು ನಿಂತಿದ್ದಳು. "ಡಾಕ್ಟ್ರೇ, ಕೈ ಅಡ್ಡ ಹಿಡೀರಿ!" ಎಂದು ಅಲ್ಲಿಂದಲೇ ಕೂಗಿದಳು. ಆಮೇಲೆ ಏನೋ ನೆನಪಾದವಳ ಹಾಗೆ ಗೇಟು ದಾಟಿ ದಡದಡ ಬಂದು, ಅವರ ಅಂಗಿಯ ತೋಳಿನ ತುದಿಯನ್ನು ಎರಡೇ ಬೆರಳಿನಿಂದ ಹಿಡಿದು, ನಲ್ಲಿಯ ಹತ್ತಿರ ಎಳೆದುಕೊಂಡು ಹೋದಳು. "ತೊಳೀರಿ. ಹಂಗಲ್ಲ, ಬೆರಳ ಸಂದಿ. ಉಗುರು. ಪುಸ್ತಕದಾಗ ನೀವೇ ಬರ್ದೀರಿ." ಶಾಲೆ ಎಂಬ ಶಾಲೆಯೇ ನಲ್ಲಿಯ ಸುತ್ತ ಸೇರಿ ಕುಣಿಯಿತು. ಹನುಮೇಶ್, "ಕ್ರಿಮಿ ಡಾಕ್ಟ್ರು! ಕ್ರಿಮಿ ಡಾಕ್ಟ್ರು!" ಎಂದು ಶುರು ಮಾಡಿದ, ಎಲ್ಲರೂ ಎತ್ತಿಕೊಂಡರು, ಎಲ್ಲರಿಗಿಂತ ಗಟ್ಟಿಯಾಗಿ ಮುಬಶ್ಶಿರಾ. ಹೆಸರು ಅವಳ ಮೈಮೇಲಿಂದ ಹಾರಿ ಇವರ ಮೈಮೇಲೆ ಕೂತದ್ದು ಹಾಗೆ. ತಣ್ಣನೆ ನೀರಲ್ಲಿ ಬೆರಳು ಮರಗಟ್ಟುತ್ತಿರುವಾಗ ಡಾಕ್ಟರಿಗೆ ಒಂಥರಾ ಹಗುರ ಎನ್ನಿಸಿತು, ಅವಮಾನವೂ ಇಷ್ಟು ಬೆಚ್ಚಗೆ ಇರುತ್ತದೆ ಎಂದು ಅವರಿಗೆ ಗೊತ್ತಿರಲಿಲ್ಲ. ಗಂಟೆ ಹೊಡೆಯಿತು. ಮಕ್ಕಳ ಸಾಲು ಒಳಗೆ ಹೋಯಿತು, ಸಾಲಿನ ಜೊತೆ ಎರಡು ಕೆಂಪು ಟೇಪಿನ ಜಡೆಯೂ ಹೋಯಿತು, ಹೋಗಬೇಕೋ ಬೇಡವೋ ಎಂದು ಯೋಚಿಸಲು ಪುರುಸೊತ್ತಿಲ್ಲದೆ.

"ಹೋದ್ಲು ನೋಡ್ರಿ" ಎಂದರು ಮಕ್ತುಮ್ ಸಾಬರು, ಗೇಟಿಗೆ ಬಂದ ಡಾಕ್ಟರಿಗೆ ಗೋಣಿತಟ್ಟು ಸರಿಸಿ. "ಕೂಡ್ರಿ."

ಡಾಕ್ಟರು ಕೂತರು. ತಪ್ಪಾಯಿತು ಎಂದರು. ಯಾವ ತಪ್ಪು ಎಂದು ಬಿಡಿಸಿ ಹೇಳಲು ಹೋದರೆ ಮುದುಕರು ಕೈ ಆಡಿಸಿದರು. "ಬಿಡ್ರಿ. ಅವತ್ತು ಕಿಟಕ್ಯಾಗ ನಿಂತು ನಾನೂ ನಕ್ಕೆ. ನನ್ನ ಮಂಡಕ್ಕಿ ಎಷ್ಟು ದೂರ ಹಾರ್ತಾವಲ್ಲ ಅಂತ ಖುಷಿ ಆತು ನಂಗೆ. ಹಸಿ ಮಾಲು ಆಗಿದ್ರೆ ನಿಮ್ಮ ಕಾಲಬುಡಕ್ಕೇ ಬೀಳ್ತಿತ್ತು. ಮನೀಗೆ ಹೋದ ಮ್ಯಾಲೆ ಈಕಿ ಅತ್ಲು, ಆವಾಗ ತಿಳೀತು ಏನಾತು ಅಂತ." ಡಾಕ್ಟರು ಒಂದು ಕಾಳು ಮಂಡಕ್ಕಿ ಬೆರಳಲ್ಲಿ ಹಿಡಿದು ಉಜ್ಜಿ, ಹೊಟ್ಟು ಊದಿ, ಬಾಯಿಗೆ ಹಾಕಿಕೊಂಡರು. ಮುದುಕರ ಕಣ್ಣು ಆ ಬೆರಳ ಮೇಲೆ ನಿಂತಿತು. ಹಾಗೆ ಊದಿ ತಿನ್ನುವವರು ಭಟ್ಟಿಯ ಮನೆಯವರು ಮಾತ್ರ. "ತಾವು ಯಾವ ಕಡೆಯವ್ರು?" ಎಂದು ಮೆಲ್ಲಗೆ ಕೇಳಿದರು. ಇದೇ ಹೊತ್ತು. ಅಮ್ಮಿಯ ಹೆಸರು ನಾಲಿಗೆಯ ತುದಿಗೆ ಬಂದಿತ್ತು, ಭಟ್ಟಿಯ ಓಣಿ, ಜರಡಿ, ಸೆರಗಿನ ಹೊಗೆ ಎಲ್ಲ ಬಂದಿತ್ತು. ಡಾಕ್ಟರ ಬಾಯಿ ಮೂವತ್ತು ವರ್ಷದ ರೂಢಿಯಿಂದ ತಾನೇ ಹೇಳಿತು, "ನಿಜಲಿಂಗಪ್ಪ ಬಡಾವಣೆ." ಬಡಾವಣೆಯಲ್ಲಿ ಯಾರೂ ಹುಟ್ಟುವುದಿಲ್ಲ, ಸೈಟು ಕೊಳ್ಳುತ್ತಾರೆ. ಮಕ್ತುಮ್ ಸಾಬರಿಗೂ ಅದು ಗೊತ್ತು. "ಚಲೋ ಜಾಗ" ಎಂದರು. "ರಸ್ತೆ ಅಗಲ ಅದಾವೆ."

ಆ ಅಗಲದ ರಸ್ತೆಗೆ ವಾಪಸು ಬರುವಷ್ಟರಲ್ಲಿ ಡಾಕ್ಟರ ಮನಸ್ಸು ಮತ್ತೆ ಕದಡಿತ್ತು. ಹುಡುಗಿ ಒಳಗೆ ಹೋದಳು ಸರಿ, ಬುಟ್ಟಿ ತುಂಬಿದ್ದು ತುಂಬಿದ ಹಾಗೇ ಇತ್ತಲ್ಲ. ತಮ್ಮಿಂದ ಆದದ್ದನ್ನು ತಾವೇ ಸರಿಮಾಡಬೇಕು ಎಂಬ ಹಟ. ಅದರಲ್ಲಿ, ಬಾಯಿಂದ ಬಾರದಿದ್ದ ಮಾತನ್ನು ಬೇರೆ ದಾರಿಯಲ್ಲಿ ತೀರಿಸಿಬಿಡುವ ಒಂದು ಜಾಣತನವೂ ಬೆರೆತಿತ್ತು. ಶೋಭಾರಾಣಿ ಮೇಡಮ್ಮಿಗೆ ಫೋನು ಮಾಡಿದರು. "ಮೇಡಂ, ಮಕ್ಕಳು ಮೊದಲಿನಂತೆ ಸಾಬರ ಹತ್ರ ಮಂಡಕ್ಕಿ ತಿನ್ನೋ ಹಾಗೆ ಸ್ವಲ್ಪ ನೋಡ್ರಿ."

"ಆರ್ಡರ್ ಮಾಡ್ಲಾ ಸಾರ್?"

"ಆರ್ಡರ್ ಅಂತ ಅಲ್ಲ, ಸುಮ್ನೆ..."

"ಆತು ಸಾರ್, ಆರ್ಡರ್ ಮಾಡ್ತೀನಿ."

ಭಾನುವಾರವೆಲ್ಲ ಅವರು ಮಕ್ತುಮ್ ಸಾಬರಿಗೆ ಹೇಳಬೇಕಾದ ಒಂದೇ ವಾಕ್ಯವನ್ನು ಸಾಣೆ ಹಿಡಿದರು. ನಮ್ಮ ಅಮ್ಮಿ ಭಟ್ಟಿಯಲ್ಲಿ ಮಂಡಕ್ಕಿ ಜರಡಿ ಹಿಡಿತಿದ್ರು. ಕನ್ನಡಿಯ ಮುಂದೆ ನಿಂತು ಹೇಳಿದರು, ಅಮ್ಮಿ ಎಂಬಲ್ಲಿ ನಿಲ್ಲಿಸಿ ಹೇಳಿದರು, ನಿಲ್ಲಿಸದೆ ಹೇಳಿದರು. ಬಾಗಿಲಲ್ಲಿ ನಿಂತು ತಸ್ಲೀಮ್, "ಇದು ಯಾವ ನಾಟಕ?" ಎಂದಳು. "ನಾಟಕ ಅಲ್ಲ" ಎಂದರು ಮೂಗು ಕಟ್ಟಿದ ದನಿಯಲ್ಲಿ. "ಮತ್ತೆ ಕೈ ಯಾಕ ಅಷ್ಟು ಮ್ಯಾಲೆ ಎತ್ತೀರಿ? ಇಳಿಸಿ ಹೇಳ್ರಿ." ಕೈ ಇಳಿಸಿ ಹೇಳಿದಾಗ ವಾಕ್ಯ ಎಷ್ಟು ಚಿಕ್ಕದಾಯಿತು ಎಂದರೆ, ಇಷ್ಟು ವರ್ಷ ಇದನ್ನು ಹೊತ್ತು ತಿರುಗಲು ಇಷ್ಟೊಂದು ಹೆಣಗಬೇಕಿತ್ತೇ ಎನ್ನಿಸಿತು. ತಸ್ಲೀಮಳಿಗೆ ಅದು ಮದುವೆಯಾದ ಮೊದಲ ವಾರವೇ ಗೊತ್ತಿದ್ದದ್ದು. ಅವಳು ಒಳಗೆ ಹೋಗುತ್ತ, "ಅವರು ಕೇಳಿದ್ರೇನು, ಬಿಟ್ರೇನು. ಹೇಳಿ ಬರ್ರಿ" ಎಂದಳಷ್ಟೆ.

ಸೋಮವಾರ ದವಾಖಾನೆಗೂ ಹೋಗದೆ, ದುರುಗಣ್ಣನಿಗೆ ಒಂದು ಗಂಟೆ ತಡ ಎಂದು ಹೇಳಿ, ಹರಿಹರಕ್ಕೆ ಹೋದರು. ಗೇಟಿನ ಪಕ್ಕ ಬುಟ್ಟಿ ಇರಲಿಲ್ಲ. ಚಾಕ್ಕೋ ಚಿಲ್ಲರೆಗೋ ಹೋಗಿರಬೇಕು ಎಂದು ಕಾದರು. ಕೈ ಕೆಳಗೇ ಇಟ್ಟುಕೊಂಡು, ವಾಕ್ಯವನ್ನು ಬಾಯಲ್ಲಿ ಬೆಲ್ಲದ ಚೂರಿನ ಹಾಗೆ ಹಿಡಿದುಕೊಂಡು ಕಾದರು. ಕಂಡವರೇ ಶೋಭಾರಾಣಿ ಮೇಡಂ ಸಂಭ್ರಮದಿಂದ ಬಂದರು. "ಶುಕ್ರವಾರ ನೀವು ಇರಬೇಕಿತ್ತು ಸಾರ್! ಪ್ರತಿ ಮಗುವೂ ಒಂದೊಂದು ಹಿಡಿ ತಿನ್ನಲೇಬೇಕು ಅಂದೆ. ಕೈ ತೊಳಸಿ, ಸಾಲು ನಿಲ್ಲಿಸಿ, ಒಬ್ಬೊಬ್ಬರನ್ನೇ ಬಿಟ್ಟೆ. ಹತ್ತು ನಿಮಿಷಕ್ಕೆ ಬುಟ್ಟಿ ಖಾಲಿ."

"ಸಾಬರು ಏನಂದ್ರು?"

"ಅವತ್ತು ಏನೂ ಅನ್ಲಿಲ್ಲ. ಮರುದಿನ ಬಂದು ಹೇಳಿದ್ರು... 'ಮಕ್ಕಳು ಸೂಜಿ ಮದ್ದಿಗೆ ನಿಂತಂಗ ನಿಂತು, ಕಣ್ಣು ಮುಚ್ಚಿ ಬಾಯಿ ತೆಗೀತಾರಲ್ರಿ ಮೇಡಂ. ಕೊಳ್ಳದಿದ್ರೆ ತಡ್ಕಂಡಿದ್ದೆ, ಇದನ್ನ ತಡ್ಕಳಾಕ ಆಗಲ್ಲ' ಅಂದ್ರು. ನಾನು ಏನು ತಪ್ಪು ಮಾಡಿದೆ ಅಂತ ಇನ್ನೂ ತಿಳೀವಲ್ದು ಸಾರ್. ನೀವು ಹೇಳಿದಂಗೇ ಮಾಡೀನಿ."

ಹೌದು, ಹೇಳಿದ ಹಾಗೇ ಮಾಡಿದ್ದರು. ನಲ್ಲಿಯ ಹತ್ತಿರ ಮುಬಶ್ಶಿರಾ ಒಂದನೇ ತರಗತಿಯ ಮಕ್ಕಳನ್ನು ಸಾಲು ನಿಲ್ಲಿಸಿ, ಒಂದೊಂದು ಕೈಯನ್ನೂ ಅಂಚೆ ಮಾಸ್ತರು ಮುದ್ರೆ ನೋಡಿದ ಹಾಗೆ ತಿರುಗಿಸಿ ನೋಡುತ್ತಿದ್ದಳು. ಇವರನ್ನು ಕಂಡು, "ಮೂಗು ಹೆಂಗೈತೆ ಡಾಕ್ಟ್ರೇ?" ಎಂದಳು.

"ಐತಮ್ಮ. ಅಜ್ಜ ಎಲ್ಲಿ?"

"ನಂದಿಗುಡಿಗೆ. ಅತ್ತೆ ಮನೀಗೆ. ಅಲ್ಲಿ ಬಸ್ ಸ್ಟ್ಯಾಂಡಿನಾಗ ಕೂಡ್ತಾರಂತೆ."

"ಯಾವಾಗ ಬರ್ತಾರೆ?"

"ಬರಲ್ಲ ಅಂದ್ರು. ನಾನೇ ಹಬ್ಬಕ್ಕೆ ಹೋಗ್ಬೇಕಂತೆ." ಅವಳು ಮುಂದಿನ ಕೈಯನ್ನು ಹಿಡಿದುಕೊಂಡಳು. ಅವಳಿಗೆ ಕೆಲಸ ಇತ್ತು.

ಡಾಕ್ಟರು ಮತ್ತೆ ಕೇಳಿ ತಿಳಿದುಕೊಂಡದ್ದು ಇಷ್ಟೇ: ಶನಿವಾರ ಬೆಳಗಿನ ಶಾಲೆ ಬಿಟ್ಟು ಮಕ್ಕಳೆಲ್ಲ ಹೋದ ಮೇಲೆ, ಮಕ್ತುಮ್ ಸಾಬರು ತಾವು ಕೂತ ಜಾಗವನ್ನು ಗುಡಿಸಿ, ಬುಟ್ಟಿಯನ್ನು ತಲೆಗೆ ಏರಿಸಿಕೊಂಡು, ಹನ್ನೊಂದೂವರೆಯ ಬಸ್ಸಿಗೆ ಹೊರಟು ಹೋದರು.